ಲಂಡನ್ನಿನ ಮಗ, ಆಲ್ದೂರಿನ ಅಪ್ಪ, ನಡುವೆ ಒಂದು ಬಾಟಲಿ

ಇಂಗ್ಲೆಂಡಿನ ಸಸೆಕ್ಸ್, ಕೆಂಟ್ ಸೀಮೆಗಳಲ್ಲಿ ಈಗ ಶಾಂಪೇನಿಗೆ ಸಾಟಿ ಎನ್ನುವಂಥ ನೊರೆ ವೈನ್ ತಯಾರಾಗುತ್ತದೆ. ಅದನ್ನು ಚಂದಾ ಉಡುಗೊರೆಯಾಗಿ ಕೊಡುವ ರೂಢಿಯೂ ಅಲ್ಲುಂಟು. ಒಮ್ಮೆ ದುಡ್ಡು ಕಟ್ಟಿದರಾಯಿತು, ತಿಂಗಳಿಗೊಂದು ಬಾಟಲಿ ಬಾಗಿಲಿಗೆ ಬರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಸುತ್ತಿನ ತೋಟದ ಮನೆಗಳಲ್ಲಿ ಮಕ್ಕಳು ಹೊರದೇಶ ಸೇರಿರುವುದು ಹೊಸ ಸಂಗತಿಯಲ್ಲ. ಅಪ್ಪ-ಅಮ್ಮನ ಮದುವೆಯ ವರ್ಷಾಚರಣೆಗೆ ಇಂಥದ್ದೊಂದನ್ನು ಕಳಿಸಿಬಿಡೋಣ ಎಂದು ಲಂಡನ್ನಿನ ಮಗನಿಗೆ ಅನ್ನಿಸೀತು. ದುಡ್ಡು ಕಟ್ಟುವ ಮೊದಲು ಅವನು ಇಷ್ಟನ್ನು ಓದಿಕೊಳ್ಳಲಿ.

ಮೊದಲ ತಡೆ ಸುಂಕದ ಕಟ್ಟೆಯಲ್ಲಿ. 2019ರ ಡಿಸೆಂಬರಿನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಅಂಚೆ ಅಥವಾ ಕೊರಿಯರಿನಲ್ಲಿ ಬರುವ ವಸ್ತುವನ್ನು 'ಉಡುಗೊರೆ' ಎಂದು ಹೇಳಿ ಸುಂಕವಿಲ್ಲದೆ ಬಿಡಿಸಿಕೊಳ್ಳುವಂತಿಲ್ಲ. ವಿನಾಯಿತಿ ಇರುವುದು ಜೀವರಕ್ಷಕ ಔಷಧಿಗೆ ಮತ್ತು ರಾಖಿಗೆ ಮಾತ್ರ. ರಾಖಿಯ ಜೊತೆ ಬರುವ ಉಡುಗೊರೆಗೂ ಇಲ್ಲ! ಪೂರ್ತಿ ಸುಂಕ ಕಟ್ಟುತ್ತೇನೆ ಎಂದರೆ ದಾರಿಯೇನೋ ಇದೆ. ಆದರೆ ವೈನಿನ ಮೇಲೆ ಮೂಲ ಸುಂಕ, ಕೃಷಿ ಸೆಸ್ ಸೇರಿ 150 ಪ್ರತಿಶತ ವಸೂಲಿ ಮಾಡಿಕೊಂಡು ಬಂದ ದೇಶ ನಮ್ಮದು.

ಎರಡನೆಯ ತಡೆ ರಾಜ್ಯದ್ದು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮದ್ಯ ರಾಜ್ಯ ಪಟ್ಟಿಗೆ ಸೇರಿದೆ. ಪಶ್ಚಿಮ ಬಂಗಾಳ, ಒಡಿಶಾಗಳಲ್ಲಿ ಮನೆಗೇ ಮದ್ಯ ತರಿಸಿಕೊಳ್ಳಲು ಅವಕಾಶ ಕೊಟ್ಟಿದ್ದಾರೆಂದು ಇಲ್ಲೂ ಕೇಳುವಂತಿಲ್ಲ. ಇಲ್ಲಿ ನಡೆಯುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರಡಿ ಪರವಾನಗಿ ಇಲ್ಲದೆ ಮದ್ಯವನ್ನು ರಾಜ್ಯದೊಳಗೆ ತರುವುದು, ಮಾರುವುದು ಅಪರಾಧ. ಆದ್ದರಿಂದ 'ತಿಂಗಳಿಗೊಂದು ಬಾಟಲಿ ಆಲ್ದೂರಿಗೆ ತಲುಪಿಸುತ್ತೇವೆ' ಎಂದು ಯಾವುದಾದರೂ ಜಾಲತಾಣ ಹಣ ಕೇಳಿದರೆ ಅನುಮಾನಪಡಬೇಕಾದದ್ದು ಅದರ ಬೆಲೆಯನ್ನಲ್ಲ, ಅದರ ಲೈಸೆನ್ಸನ್ನು.

ಮಗ ಊರಿಗೆ ಬರುವಾಗ ತಾನೇ ತರುವುದು ಸುಲಭದ ದಾರಿ. ಪ್ರಯಾಣಿಕರ ಬ್ಯಾಗೇಜಿನಲ್ಲಿ ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು. ಮುಕ್ಕಾಲು ಲೀಟರಿನ ಬಾಟಲಿ ಎರಡಾದರೆ ಸೈ, ಮೂರನೆಯದು ಮಿತಿ ದಾಟುತ್ತದೆ. ಬಿಲ್ಲನ್ನು ಮಾತ್ರ ಎಸೆಯಬಾರದು, ದಾರಿಯಲ್ಲಿ ಅಬಕಾರಿಯವರು ಕೇಳಿದರೆ ತೋರಿಸಲಿಕ್ಕೆ ಬೇಕು.

ಇಲ್ಲಿಯದೇ 'ಹೋಂ ಮೇಡ್ ವೈನ್' ಬಗ್ಗೆಯೂ ಒಂದು ಮಾತು. ಜೇನು, ಚಾಕೊಲೇಟುಗಳ ಪಕ್ಕ ಪ್ರವಾಸಿಗರಿಗೆಂದು ಬಾಟಲಿ ಜೋಡಿಸಿಟ್ಟ ಅಂಗಡಿಗಳು ಮಲೆನಾಡಿನ ರಸ್ತೆಗಳಲ್ಲಿ ಕಾಣುತ್ತವೆ. ಹುಳಿಬಂದು ಮದ್ಯಸಾರವಾದ ರಸವನ್ನು ಮಾರಲು ಅಬಕಾರಿ ಪರವಾನಗಿ ಬೇಕು. 'ನಮ್ಮಜ್ಜಿ ಮಾಡಿದ್ದು' ಎಂಬುದು ಪರವಾನಗಿಯಲ್ಲ. ಅದನ್ನು ಬೆಂಗಳೂರಿನ ಗೆಳೆಯರಿಗೆ ತಿಂಗಳು ತಿಂಗಳು ಪಾರ್ಸೆಲ್ ಮಾಡಿ ದುಡ್ಡು ಪಡೆದರೆ ಮಾರಾಟವೇ ಆಯಿತು.

ಹಾಗಾದರೆ ಚಂದಾ ಉಡುಗೊರೆಯ ಆಸೆಯನ್ನೇ ಬಿಡಬೇಕೆ? ನನ್ನ ಕೇಳಿದರೆ ಕಾಫಿ ಪುಡಿ ಇದಕ್ಕೆ ಹೇಳಿ ಮಾಡಿಸಿದ್ದು. ತೋಟದವರೇ ಹುರಿದು, ಪುಡಿ ಮಾಡಿ ತಿಂಗಳ ಲೆಕ್ಕದಲ್ಲಿ ಊರೂರಿಗೆ ಕಳಿಸುತ್ತಾರೆ. ಅಬಕಾರಿಯ ಕಾಟವಿಲ್ಲ. ಆದರೆ ಪೊಟ್ಟಣದ ಮೇಲೆ ಪ್ಯಾಕ್ ಮಾಡಿದವರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಪ್ಯಾಕ್ ಆದ ತಿಂಗಳು-ವರ್ಷ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಲೇಬೇಕು. ಚಿಕೋರಿ ಬೆರೆಸಿದ್ದರೆ ಎಷ್ಟು ಎಂದು ಬರೆಯಬೇಕು, ಕಾಫಿ 51 ಪ್ರತಿಶತಕ್ಕಿಂತ ಕಡಿಮೆ ಇರುವಂತಿಲ್ಲ. ಚಿಕ್ಕಮಗಳೂರಿನ ಹೆಸರು ಹೊತ್ತ ಪೊಟ್ಟಣದಲ್ಲಿ ಅರ್ಧ ಚಿಕೋರಿ ಬಂದರೆ ಆಲ್ದೂರಿನವರಿಗೆ ಸಿಟ್ಟು ಬರುವುದು ಸಹಜವೇ.

ಚಂದಾದಲ್ಲಿ ಜಗಳ ಹುಟ್ಟುವುದು ಸಾಮಾನ್ಯವಾಗಿ ನಿಲ್ಲಿಸುವಾಗ. ಆರು ತಿಂಗಳಿಗೆಂದು ಕೊಟ್ಟದ್ದು ಏಳನೆಯ ತಿಂಗಳೂ ಖಾತೆಯಿಂದ ದುಡ್ಡು ಎಳೆಯುತ್ತದೆ. ರದ್ದು ಮಾಡುವ ಗುಂಡಿ ಎಲ್ಲಿದೆಯೋ ಸಿಗುವುದಿಲ್ಲ. ಇದಕ್ಕೆ ಕಾನೂನಿನಲ್ಲಿ 'ಚಂದಾ ಬಲೆ' ಎಂದೇ ಹೆಸರಿದೆ, ಗ್ರಾಹಕ ಕಾನೂನಿನಡಿ 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿಗಳು ಇದನ್ನು ನಿಷೇಧಿಸಿವೆ. ಭಾರತದ ಬ್ಯಾಂಕಿನ ಕಾರ್ಡಾದರೆ ಪ್ರತಿ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು, ಅನುಮತಿಯನ್ನು ಯಾವಾಗ ಬೇಕಾದರೂ ಹಿಂದೆ ಪಡೆಯಬಹುದು. ಲಂಡನ್ನಿನ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಈ ರಕ್ಷಣೆ ಇಲ್ಲ, ಮಗನಿಗೆ ತಿಳಿಸಿ.

'ದುಡ್ಡು ಕೊಟ್ಟವನು ನಾನಲ್ಲವಲ್ಲ, ನಾನು ಹೇಗೆ ದೂರು ಕೊಡಲಿ' ಎಂದು ಅಪ್ಪ ಕೈಕಟ್ಟಿ ಕೂರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಂಡವನ ಒಪ್ಪಿಗೆಯಿಂದ ವಸ್ತುವನ್ನು ಬಳಸುವವನೂ ಗ್ರಾಹಕನೇ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಆನ್‌ಲೈನ್ ಮಾರಾಟದಲ್ಲಿ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕೆಂದು 2020ರ ನಿಯಮ ಹೇಳುತ್ತದೆ. ಆಗಲಿಲ್ಲವೇ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಫಲಿಸದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವನು ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ದೂರು ಕೊಡುವವರು ತಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ವಕೀಲರು ಕಡ್ಡಾಯವಲ್ಲ; ಗಡುವು ಎರಡು ವರ್ಷ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಲೂಬಹುದು. ವಕೀಲರು ಬೇಕೆನಿಸಿದರೆ ದೂರು ಅಮ್ಮನ ಹೆಸರಿನಲ್ಲಿರಲಿ, ಕಾಫಿ ಅವರೂ ಕುಡಿಯುತ್ತಾರಲ್ಲ: ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ಸಹಾಯವಾಣಿ 15100.