ಗರ್ಭಿಣಿಯ ಎದೆಯುರಿ: ಮನೆಯವರೆಲ್ಲರೂ ತಿಳಿದಿರಬೇಕಾದ ಸಂಗತಿ



ಗಬ್ಬದ ಹಸುವಿಗೆ ಮೇವು ಹಾಕುವ ಹೊತ್ತು ತಪ್ಪದಂತೆ ನೀವು ನೋಡಿಕೊಳ್ಳುತ್ತೀರಿ. ಮನೆಯ ಬಸುರಿ ಹೆಣ್ಣುಮಗಳು ಊಟಕ್ಕೆ ಕೂರುವ ಹೊತ್ತನ್ನು ಎಂದಾದರೂ ಗಮನಿಸಿದ್ದೀರಾ? ಎಲ್ಲರೂ ಉಂಡ ಮೇಲೆ, ರಾತ್ರಿ ಒಂಬತ್ತು-ಹತ್ತು ಗಂಟೆಗೆ ಉಳಿದದ್ದನ್ನು ಉಂಡು ಕೂಡಲೇ ಮಲಗುವುದು ಹಲವು ಮನೆಗಳಲ್ಲಿ ರೂಢಿ. ಮಲಗಿದ ಸ್ವಲ್ಪ ಹೊತ್ತಿಗೇ ಎದೆಯಲ್ಲಿ ಉರಿ, ಹುಳಿತೇಗು, ಬಾಯಿಗೆ ಹುಳಿನೀರು ಬರುತ್ತವೆ. ಇದಕ್ಕೆ ಮೊದಲ ಔಷಧ ಅಂಗಡಿಯಲ್ಲಿಲ್ಲ. ಮನೆಯ ಊಟದ ಕ್ರಮದಲ್ಲಿದೆ.

ಎದೆಯುರಿ ಏಕೆ ಬರುತ್ತದೆ?

ಹೆಸರು ಎದೆಯುರಿಯಾದರೂ ಇದು ಹೃದಯದ ಕಾಯಿಲೆಯಲ್ಲ. ಅನ್ನನಾಳವು ಜಠರವನ್ನು ಸೇರುವಲ್ಲಿ ಬಳೆಯಂತಹ ಒಂದು ಸ್ನಾಯು ಇದೆ. ಕಾಲುವೆಯ ತೂಬಿನ ಹಲಗೆಯಂತೆ ಇದು ತೆರೆದು ಆಹಾರವನ್ನು ಕೆಳಗೆ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಗರ್ಭಿಣಿಯರಲ್ಲಿ ಪ್ರೊಜೆಸ್ಟಿರೋನ್ ಎಂಬ ಹಾರ್ಮೋನು ಹೆಚ್ಚುವುದರಿಂದ ಈ ಸ್ನಾಯು ಸಡಿಲವಾಗುತ್ತದೆ. ತಿಂಗಳು ತುಂಬುತ್ತ ಬಂದಂತೆ ಗರ್ಭಕೋಶವೂ ಜಠರವನ್ನು ಕೆಳಗಿನಿಂದ ಒತ್ತುತ್ತದೆ. ಆಗ ಜಠರದ ಹುಳಿರಸ ಮೇಲಕ್ಕೆ ನುಗ್ಗಿ ಅನ್ನನಾಳವನ್ನು ಸುಡುತ್ತದೆ.

ಹೆರಿಗೆಯಾದ ಮೇಲೆ ಇದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಉರಿಗೆ ಹೆದರಿ ಊಟ ಬಿಡುವುದರಲ್ಲೇ ಅಪಾಯವಿದೆ. ಹೆಚ್ಚು ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂಬ ನಂಬಿಕೆಯೂ ಕೆಲವೆಡೆ ಉಂಟು. ಇದು ಸರಿಯಲ್ಲ. ತಾಯಿ ಅರೆಹೊಟ್ಟೆ ಉಂಡರೆ ಅವಳಿಗೆ ರಕ್ತಹೀನತೆ, ಮಗುವಿಗೆ ತೂಕದ ಕೊರತೆ ಉಂಟಾಗಬಹುದು.

ಊಟವನ್ನು ಹಂಚಿ ಕೊಡಿ

ಆಹಾರ ಕಡಿಮೆಯಾಗಬಾರದು, ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಷ್ಟು ಉಣ್ಣಲೂಬಾರದು. ದಿನದ ಊಟವನ್ನು ಐದು ಸಲವಾಗಿ ಹೀಗೆ ಹಂಚಬಹುದು:

1. ಬೆಳಿಗ್ಗೆ 7 ಗಂಟೆ: ರಾಗಿ ಗಂಜಿ, ಹಾಲು ಬೆರೆಸಿ.
2. 10 ಗಂಟೆ: ರೊಟ್ಟಿ ಅಥವಾ ಇಡ್ಲಿ, ಕಾಳಿನ ಪಲ್ಯ.
3. ಮಧ್ಯಾಹ್ನ 1 ಗಂಟೆ: ಮುದ್ದೆ ಅಥವಾ ಅನ್ನ, ಸೊಪ್ಪು-ಬೇಳೆಯ ಸಾರು.
4. ಸಂಜೆ 4 ಗಂಟೆ: ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ.
5. ಸಂಜೆ 7 ಗಂಟೆ: ಮೆತ್ತಗಿನ ಅನ್ನ, ಬೇಳೆ, ತರಕಾರಿ.

ರಾತ್ರಿಯ ಊಟಕ್ಕೂ ಮಲಗುವುದಕ್ಕೂ ಎರಡು-ಮೂರು ಗಂಟೆಯ ಅಂತರವಿರಬೇಕು. ಆದ್ದರಿಂದ ಗರ್ಭಿಣಿಗೆ ಮೊದಲು ಬಡಿಸಿರಿ. ಅವಳ ಪಾಲಿನ ಸಾರಿಗೆ ಖಾರ, ಹುಣಸೆಹುಳಿ ಕಡಿಮೆ ಹಾಕಿರಿ. ಕರಿದ ತಿಂಡಿ, ಕಾಫಿ, ಚಹಾ ಮಿತವಾಗಿರಲಿ. ಹೊಗೆಸೊಪ್ಪನ್ನು ಪೂರ್ತಿಯಾಗಿ ಬಿಡಬೇಕು. ಅದು ಮಗುವಿಗೂ ಹಾನಿಕರ.

ಮಲಗುವ ಮತ್ತು ಕೆಲಸದ ಕ್ರಮ

ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅಲುಗಾಡದಂತೆ ಇಟ್ಟಿಗೆಯಿಟ್ಟು 4ರಿಂದ 6 ಅಂಗುಲ ಎತ್ತರಿಸಿರಿ. ಚಾಪೆಯ ಮೇಲೆ ಮಲಗುವವರು ಕಂಬಳಿ ಮಡಿಸಿ ಬೆನ್ನಿನಿಂದ ತಲೆಯವರೆಗೆ ಇಳಿಜಾರಾಗುವಂತೆ ಹಾಸಿಕೊಳ್ಳಬೇಕು. ಎಡಮಗ್ಗುಲಲ್ಲಿ ಮಲಗುವುದು ಹಿತಕರ.

ಉಂಡ ಕೂಡಲೇ ಬಗ್ಗಿ ಕಳೆ ಕೀಳುವುದು, ನಾಟಿ ಮಾಡುವುದು, ಕಸ ಗುಡಿಸುವುದು ಬೇಡ. ಸೀರೆ, ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟಬಾರದು.

ಮಾತ್ರೆಗಳ ವಿಷಯ

ಉರಿ ಬರುತ್ತದೆಂದು ಅನೇಕರು ಕಬ್ಬಿಣಾಂಶದ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಕೂಡದು. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಇದನ್ನು ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ತಡೆಯದಿದ್ದರೆ ಊಟವಾದ ಮೇಲೆ ಒಂದು ಲೋಟ ನೀರಿನೊಡನೆ ನುಂಗಿ, ಸ್ವಲ್ಪ ಹೊತ್ತು ಕುಳಿತಿರಲಿ. ಚಹಾ, ಹಾಲು ಅಥವಾ ಸುಣ್ಣದಂಶದ ಮಾತ್ರೆಯೊಡನೆ ಇದನ್ನು ತೆಗೆದುಕೊಳ್ಳಬಾರದು.

ಅಡುಗೆ ಸೋಡವನ್ನು ನೀರಿಗೆ ಕದಡಿ ಕುಡಿಯಬೇಡಿ. ಅದರಲ್ಲಿರುವ ಸೋಡಿಯಂ ಅಂಶದಿಂದ ಮೈಯಲ್ಲಿ ನೀರು ನಿಂತು ಬಾವು ಹೆಚ್ಚಬಹುದು. ಉರಿ ತಡೆಯದಿದ್ದರೆ ಗರ್ಭಿಣಿಯರಿಗೆ ತಕ್ಕ ಔಷಧಿಗಳಿವೆ; ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಹುಳಿ ಶಮನದ ಔಷಧಿಗೂ ಕಬ್ಬಿಣದ ಮಾತ್ರೆಗೂ ಎರಡು ಗಂಟೆಯ ಅಂತರವಿರಲಿ.

ತಡ ಮಾಡಬಾರದ ಲಕ್ಷಣಗಳು

ಹೊಟ್ಟೆಯ ಮೇಲ್ಭಾಗದ ಎಲ್ಲ ನೋವೂ ಎದೆಯುರಿಯಲ್ಲ. ಐದು ತಿಂಗಳು ತುಂಬಿದ ಮೇಲೆ ಪಕ್ಕೆಲುಬಿನ ಕೆಳಗೆ ತೀವ್ರ ನೋವು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈಗಳು ಒಮ್ಮೆಗೇ ಊದಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ರಕ್ತದೊತ್ತಡ ಏರಿರಬಹುದು. ಇದು ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯಕಾರಿ. ರಕ್ತವಾಂತಿ, ಎದೆನೋವಿನೊಡನೆ ಉಸಿರುಕಟ್ಟುವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ನುಂಗಲು ಕಷ್ಟವಾಗುತ್ತಿದ್ದರೆ, ತಿಂದದ್ದು ನಿಲ್ಲದಿದ್ದರೆ, ತೂಕ ಇಳಿದರೆ ವೈದ್ಯರಿಗೆ ತೋರಿಸಿರಿ. ತಿಂಗಳ ತಪಾಸಣೆಯಲ್ಲಿ ರಕ್ತದೊತ್ತಡ ನೋಡಿಸುವುದನ್ನು ಮರೆಯಬೇಡಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲ. ನಾಲ್ಕು ಇಟ್ಟಿಗೆ, ಮಡಿಸಿದ ಒಂದು ಕಂಬಳಿ, ಸಂಜೆ ಏಳಕ್ಕೆ ಅವಳ ಮುಂದೆ ಒಂದು ತಟ್ಟೆ ಬಿಸಿ ಊಟ ಇದ್ದರೆ ಸಾಕು. ಇಂದಿನ ರಾತ್ರಿಯಿಂದಲೇ ಪ್ರಾರಂಭಿಸಿರಿ.