ಹಳೆ ಫ್ಲಾಪಿಯ ದನಿ ಬಿಡಿಸಲು ಹೋಗಿ ಕಲಿತದ್ದು

ಸಿಂಗಪುರದಲ್ಲಿ ನನಗೆ ಪರಿಚಯದ ಕನ್ನಡ ಮನೆಗಳಿಂದ ಆಗಾಗ ಹಳೆ ಫ್ಲಾಪಿಗಳು ಬರುತ್ತವೆ. ಊರಿಂದ ಬಂದಿದ್ದ ಅಜ್ಜಿಯ ಸೋಬಾನೆ, ಮಗುವಿನ ತೊದಲು, ಇಂಥವನ್ನೆಲ್ಲ ತೊಂಬತ್ತರ ದಶಕದಲ್ಲಿ ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ ತುಂಬಿಟ್ಟದ್ದು. ಒಳಗಿರುವುದು ವಿಒಸಿ, ಅಂದರೆ ‘ಕ್ರಿಯೇಟಿವ್ ವಾಯ್ಸ್ ಫೈಲ್’. ಇದು ಇದೇ ಊರಿನ ಸರಕು. ಸಿಮ್ ವಾಂಗ್ ಹೂ ಗೆಳೆಯನ ಜೊತೆ 1981ರಲ್ಲಿ ಚೈನಾಟೌನಿನ ಪರ್ಲ್ಸ್ ಸೆಂಟರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟರು. ಅದೇ ಕ್ರಿಯೇಟಿವ್ ಟೆಕ್ನಾಲಜಿ ಕಂಪನಿಯಾಗಿ ಬೆಳೆದು 1989ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡು ತಂದಿತು. ಆ ಕಾರ್ಡಿನ ಫೈಲುಗಳನ್ನು ಈಗಿನ ಕಂಪ್ಯೂಟರಿನಲ್ಲಿ ಕೇಳುವ ಹಾಗೆ ಮಾಡಿಕೊಡಲು ಹೋಗಿ ಕೆಡಿಸಿದ್ದೂ ಉಂಟು, ಕಲಿತದ್ದೂ ಉಂಟು.

1. ದನಿಯನ್ನು ಯಾಕೆ ಕುಗ್ಗಿಸಿದರು ಎಂದು ಮೊದಲು ಲೆಕ್ಕ ಹಾಕಿ.
ದನಿಯ ಹಿಂದಿನ ಗೊರಗೊರ ಕೇಳಿ ಮೈಕನ್ನು ಬೈದೆ, ಸದ್ದು ಅಳಿಸುವ ಸಾಫ್ಟ್‌ವೇರ್ ಹಚ್ಚಿದೆ. ಗೊರಗೊರದ ಜೊತೆಗೆ ಅಜ್ಜಿಯ ದನಿಯೂ ಸವೆದುಹೋಯಿತು. ಲೆಕ್ಕ ನೋಡಿ: ಸೆಕೆಂಡಿಗೆ 8,000 ಮಾದರಿ (ದನಿಯ ಮಟ್ಟದ ಒಂದೊಂದು ಅಳತೆ), ಒಂದೊಂದಕ್ಕೆ 8 ಬಿಟ್ ಹಿಡಿದರೆ 1.44 ಎಂಬಿ ಫ್ಲಾಪಿಯಲ್ಲಿ ಮೂರು ನಿಮಿಷ ಕೂರುತ್ತದೆ. ಸೋಬಾನೆ ಮೂರು ನಿಮಿಷಕ್ಕೆ ಮುಗಿಯುತ್ತದೆಯೇ? ಮಾದರಿಗೆ 4 ಬಿಟ್ ಮಾಡಿದರೆ ಆರು ನಿಮಿಷ, 2 ಬಿಟ್ ಮಾಡಿದರೆ ಹನ್ನೆರಡು. ಆ ಗೊರಗೊರ ಹೀಗೆ ಹಿಂಡಿದ್ದಕ್ಕೆ ತೆತ್ತ ಬೆಲೆ. ದನಿ ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ, ಬೇರ್ಪಡಿಸಲು ಬರುವುದಿಲ್ಲ. ‘ಸ’ಕಾರ ಮಂಕಾಗಿದೆ ಎಂದು ತಾರ ಸ್ವರ ಎತ್ತಿ ನೋಡಿದ್ದೂ ದಂಡವಾಯಿತು. 8,000ದ ಮಾದರಿ 4,000 ಹರ್ಟ್ಸ್‌ ಮೇಲಿನದನ್ನು ಹಿಡಿದೇ ಇರುವುದಿಲ್ಲ. ಇಲ್ಲದ್ದನ್ನು ಎತ್ತುವುದೆಲ್ಲಿಂದ?

2. ಫೈಲಿನ ಹೆಸರು ನಂಬಬೇಡಿ, ಒಳಗಿನ ಬೈಟು ನೋಡಿ.
ಎಲ್ಲ ವಿಒಸಿಯೂ ಒಂದೇ ಎಂದುಕೊಂಡಿದ್ದೆ. ತೆರೆದರೆ ಬರೀ ಕರ್ಕಶ ಸದ್ದು. “ಫ್ಲಾಪಿ ಕೆಟ್ಟಿದೆ ಮೇಡಂ” ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಅವರು ಅದನ್ನು ಕಸದ ಬುಟ್ಟಿಗೆ ಹಾಕದೇ ಇದ್ದದ್ದು ನನ್ನ ಪುಣ್ಯ. ಹೊಸದಾಗಿ ಶುರುವಾಗುವ ದನಿಯ ತುಣುಕಿನ ತಲೆಯಲ್ಲಿ ಒಂದು ಬೈಟು ಕುಗ್ಗಿಸಿದ ಬಗೆ ಹೇಳುತ್ತದೆ: 0 ಇದ್ದರೆ ಕುಗ್ಗಿಸಿಲ್ಲ, 1 ಅಂದರೆ 4 ಬಿಟ್, 2 ಅಂದರೆ 2.6 ಬಿಟ್, 3 ಅಂದರೆ 2 ಬಿಟ್. ಈ 2.6 ಎಂಬುದು ನನ್ನನ್ನು ಬಹಳ ಕಾಡಿತು. ಬಿಟ್ಟನ್ನು ಮುರಿಯುವುದು ಹೇಗೆ? ಒಂದು ಬೈಟಿನಲ್ಲಿ ಮೂರು ಮಾದರಿ, 3, 3 ಮತ್ತು 2 ಬಿಟ್‌ನಂತೆ ಹಂಚಿದ್ದಾರೆ, ಅಷ್ಟೇ.

3. ಒಂದು ಬೈಟು ತಪ್ಪಿದರೆ ಮುಂದಿನದೆಲ್ಲ ತಪ್ಪು.
ಈ ಕುಗ್ಗಿಸುವ ವಿಧಾನದ ಹೆಸರು ಎಡಿಪಿಸಿಎಂ. ದನಿಯ ಮಟ್ಟವನ್ನೇ ಬರೆಯದೆ ಹಿಂದಿನ ಮಾದರಿಗಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಮಾತ್ರ ಬರೆಯುತ್ತಾರೆ. ದನಿ ಜಿಗಿದರೆ ಅಳತೆಯ ಹೆಜ್ಜೆ ದೊಡ್ಡದಾಗುತ್ತದೆ, ಮೆತ್ತಗಾದರೆ ಚಿಕ್ಕದಾಗುತ್ತದೆ. “ಇಲ್ಲಿಂದ ನಾಲ್ಕು ಹೆಜ್ಜೆ ಎಡಕ್ಕೆ” ಎಂದು ದಾರಿ ಹೇಳಿದ ಹಾಗೆ. ‘ಇಲ್ಲಿ’ ಎಲ್ಲಿ ಎಂದು ತಪ್ಪಿದರೆ ಊರೇ ತಪ್ಪುತ್ತದೆ. ಆ ‘ಇಲ್ಲಿ’ ಮೊದಲ ಬೈಟಿನಲ್ಲಿರುತ್ತದೆ. ನಾನು ಅದನ್ನೂ ವ್ಯತ್ಯಾಸವೆಂದೇ ಓದಿದೆ. ಸಾಲದ್ದಕ್ಕೆ ಹಿಂದಿನ ದನಿಯನ್ನೇ ಮುಂದುವರಿಸುವ ತುಣುಕು ಬಂದಾಗಲೆಲ್ಲ ಲೆಕ್ಕವನ್ನು ಹೊಸದಾಗಿ ಶುರು ಮಾಡಿದೆ. ಕೂಡುವ ಕಡೆಯಲ್ಲೆಲ್ಲ ‘ಟಪ್’ ಎಂದಿತು. ಫ್ಲಾಪಿಗೆ ಗೀರು ಬಿದ್ದಿದೆ ಎಂದು ಬಹಳ ದಿನ ನಂಬಿದ್ದೆ.

4. ಮೌನವನ್ನು ದಾಟಿ ಹೋಗಬೇಡಿ.
ಜಾಗ ಉಳಿಸಲು ವಿಒಸಿ ಇನ್ನೊಂದು ಉಪಾಯ ಮಾಡುತ್ತದೆ: ಸದ್ದಿಲ್ಲದ ಕಡೆ ದನಿಯ ಬದಲು ‘ಇಷ್ಟು ಹೊತ್ತು ಸುಮ್ಮನಿರು’ ಎಂಬ ಪುಟ್ಟ ತುಣುಕು. ಉದ್ದಕ್ಕೆ ಎರಡು ಬೈಟು, ಮಾದರಿಯ ವೇಗಕ್ಕೆ ಒಂದು. ದನಿಯಿಲ್ಲದ ತುಣುಕು ನಮಗೇಕೆ ಎಂದು ನನ್ನ ಪ್ರೋಗ್ರಾಮು ಅದನ್ನು ಹಾರಿಸಿತು. ಹಿರಿಯರೊಬ್ಬರು ಓದಿದ ಭಾರತದ ಪದ್ಯ ಉಸಿರೇ ಬಿಡದ ಹಾಗೆ ಹೊರಬಂತು. ಅವರ ಮಗಳು ಕೇಳಿ, “ನಮ್ಮಪ್ಪ ಹೀಗೆ ಓಡೋರಲ್ಲ, ನಿಂತು ನಿಂತು ಹೇಳೋರು” ಎಂದರು. ಎಂಜಿನಿಯರಿಗೆ ಕಾಣದ್ದು ಮಗಳ ಕಿವಿಗೆ ಬಿತ್ತು. ಈಗ ಮನೆಯವರು ಕೇಳಿ ತಲೆಯಾಡಿಸುವವರೆಗೆ ಕೆಲಸ ಮುಗಿಯಿತು ಎನ್ನುವುದಿಲ್ಲ.

5. ಬೀಗ ಹಾಕಿದ ಕಂಪನಿಗಿಂತ ಬೀಗ ಬಿಡಿಸಿದವರನ್ನು ಹುಡುಕಿ.
ಕುಗ್ಗಿದ ದನಿಯನ್ನು ಬಿಡಿಸುವ ಲೆಕ್ಕ ಕಾರ್ಡಿನ ಚಿಪ್ಪಿನೊಳಗೇ ನಡೆಯುತ್ತಿತ್ತು. ಹಾಗಾದರೆ ಕಾರ್ಡೇ ಬೇಕು ಎಂದು ಸುಂಗೈ ರೋಡಿನ ಹಳೆ ಸಾಮಾನಿನ ಸಂತೆಯಲ್ಲಿ (2017ರ ಜುಲೈನಲ್ಲಿ ಅದೂ ಮುಚ್ಚಿತು) ಚೌಕಾಸಿ ಮಾಡಿ ಒಂದನ್ನು ತಂದೆ. ಮನೆಗೆ ಬಂದು ನೋಡಿದರೆ ನನ್ನ ಕಂಪ್ಯೂಟರಿನಲ್ಲಿ ಅದನ್ನು ಸಿಕ್ಕಿಸುವ ಜಾಗವೇ ಇಲ್ಲ! ಆ ಲೆಕ್ಕದ ಕೋಷ್ಟಕಗಳು ಡಾಸ್‌ಬಾಕ್ಸ್, ಎಫ್‌ಎಫ್‌ಎಂಪೆಗ್‌ನಂಥ ಮುಕ್ತ ತಂತ್ರಾಂಶಗಳಲ್ಲಿ ಎಲ್ಲರೂ ಓದುವಂತೆ ಬಿದ್ದಿವೆ ಎಂದು ಆಮೇಲೆ ಗೊತ್ತಾಯಿತು. ಕಂಪನಿ ಅಷ್ಟರಲ್ಲಿ ಎಷ್ಟೋ ಮುಂದೆ ಹೋಗಿತ್ತು: 2000ದಲ್ಲಿ ನೋಮ್ಯಾಡ್ ಜ್ಯೂಕ್‌ಬಾಕ್ಸ್ ಎಂಬ ಹಾಡು ನುಡಿಸುವ ಸಾಧನ, 2006ರಲ್ಲಿ ಪೇಟೆಂಟ್ ವ್ಯಾಜ್ಯ ಮುಗಿಸಲು ಆಪಲ್ ಕೊಟ್ಟ 10 ಕೋಟಿ ಡಾಲರ್. ಸಿಮ್ 2023ರ ಜನವರಿಯಲ್ಲಿ ತೀರಿಕೊಂಡರು. ಇವತ್ತು ನನ್ನ ಕೆಲಸ ನಡೆಯುತ್ತಿರುವುದು ಸಂಬಳವಿಲ್ಲದೆ ಆ ಕೋಷ್ಟಕಗಳನ್ನು ಬರೆದಿಟ್ಟವರ ದಯೆಯಿಂದ.

6. ಮೂಲ ಫೈಲು ಎಸೆಯಬೇಡಿ. ಪಕ್ಕದಲ್ಲೊಂದು ಚೀಟಿ ಇಡಿ.
ಶುರುವಿನಲ್ಲಿ ಎಲ್ಲವನ್ನೂ ಎಂಪಿ3 ಮಾಡಿ ವಿಒಸಿಗಳನ್ನು ಅಳಿಸಿದೆ. ಆಮೇಲೆ ನನ್ನ ಲೆಕ್ಕದ ತಪ್ಪುಗಳು ತಿಳಿದವು, ತಿದ್ದೋಣವೆಂದರೆ ಮೂಲವೇ ಇಲ್ಲ. ಆ ಎಂಪಿ3ಗಳಲ್ಲಿ ಕೆಲವು ದನಿಗಳು ಟಪ್ ಟಪ್ ಎನ್ನುತ್ತಲೇ ಉಳಿದಿವೆ. ಈಗ ಮೂಲ ವಿಒಸಿ, ಬಿಡಿಸಿದ ವೇವ್ ಫೈಲು, ಜೊತೆಗೊಂದು ಸಾದಾ ಪಠ್ಯದ ಫೈಲು ಇಡುತ್ತೇನೆ. ಹಾಡಿದವರು ಯಾರು, ಎಲ್ಲಿ, ಯಾವ ವರ್ಷ, ಕುಗ್ಗಿಸಿದ ಬಗೆ ಯಾವುದು, ಸೆಕೆಂಡಿಗೆ ಎಷ್ಟು ಮಾದರಿ, ಎಲ್ಲವನ್ನೂ ಅದರಲ್ಲಿ ಬರೆಯುತ್ತೇನೆ. ನಾನು ಬಿಡಿಸಿದ್ದು ಸರಿಯಿಲ್ಲ ಎಂದು ಮುಂದೆ ಯಾರಿಗಾದರೂ ಅನ್ನಿಸಿದರೆ, ಅವರು ಮೊದಲಿಂದ ಮಾಡಿಕೊಳ್ಳಲಿ.