ಒಂದೇ ವಂಶ, ಎರಡು ತಟ್ಟೆ

"ತಂದೆಗೂ ಸಕ್ಕರೆ ಕಾಯಿಲೆ ಇತ್ತು, ಅಜ್ಜಿಗೂ ಇತ್ತು. ನಮಗೂ ಬಂದೇ ಬರುತ್ತದೆ. ಇನ್ನು ಪಥ್ಯ ಮಾಡಿ ಏನು ಪ್ರಯೋಜನ?" ಈ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಮಧುಮೇಹದಲ್ಲಿ ವಂಶಪಾರಂಪರ್ಯಕ್ಕೆ ಪಾಲಿದೆ ಎಂಬುದು ನಿಜ. ಆದರೆ ವಂಶ ಒಂದೇ ಆಗಿದ್ದು ಊಟ ಮಾತ್ರ ಬೇರೆಯಾದರೆ ಏನಾಗುತ್ತದೆ? ಅಮೆರಿಕ ಖಂಡದ ಮೂಲನಿವಾಸಿಗಳಾದ ಪೀಮಾ ಜನರ ಕಥೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ನದಿ ಬತ್ತಿತು, ಊಟ ಬದಲಾಯಿತು

ಪೀಮಾ ಜನರು ಅಮೆರಿಕದ ಅರಿಜೋನಾ ರಾಜ್ಯದ ಗೀಲಾ ನದಿಯ ದಡದವರು. ತಮ್ಮ ಭಾಷೆಯಲ್ಲಿ ಅವರು ತಮ್ಮನ್ನು 'ನದಿಯ ಜನರು' ಎಂದೇ ಕರೆದುಕೊಳ್ಳುತ್ತಾರೆ. ಮರುಭೂಮಿಯಂಥ ಆ ನೆಲದಲ್ಲಿ ಕಾಲುವೆ ತೋಡಿ ಜೋಳ, ಕುಂಬಳ ಮತ್ತು ತೆಪರಿ ಎಂಬ ಸಣ್ಣ ಕಾಳನ್ನು ಬೆಳೆಯುತ್ತಿದ್ದರು. ನದಿಯ ಮೀನು, ಬೇಟೆಯ ಮಾಂಸ, ಕಳ್ಳಿ ಗಿಡದ ಮೊಗ್ಗು ಅವರ ಊಟದಲ್ಲಿದ್ದವು. ಮೆಸ್ಕೀಟ್ ಮರದ ಕಾಯಿಯನ್ನು ಕುಟ್ಟಿ ಹಿಟ್ಟು ಮಾಡಿ ತಿನ್ನುತ್ತಿದ್ದರು. ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿ ಇದೇ ಮರದ ಹತ್ತಿರದ ಸಂಬಂಧಿ.

19ನೇ ಶತಮಾನದ ಕೊನೆಗೆ ನದಿಯ ಮೇಲ್ಭಾಗದಲ್ಲಿ ನೆಲೆಸಿದ ಬಿಳಿಯರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಕೆಳಗಿನ ಪೀಮಾ ಜನರ ಬೇಸಾಯ ಒಣಗಿತು, ಹಸಿವು ಬಂತು. ಕಾಲಕ್ರಮದಲ್ಲಿ ಸರಕಾರದ ಪಡಿತರವೇ ಅವರಿಗೆ ಆಸರೆಯಾಯಿತು. ಬಿಳಿ ಹಿಟ್ಟು, ಸಕ್ಕರೆ, ಪ್ರಾಣಿಕೊಬ್ಬು ಮನೆ ಸೇರಿದವು. ಆ ಹಿಟ್ಟನ್ನು ಕೊಬ್ಬಿನಲ್ಲಿ ಕರಿದು ಮಾಡುವ ರೊಟ್ಟಿ ಮನೆಮನೆಯ ತಿಂಡಿಯಾಯಿತು. ಹೊಲದ ಕೆಲಸ ಹೋದದ್ದರಿಂದ ಮೈ ದಣಿಯುವುದೂ ಕಡಿಮೆಯಾಯಿತು.

ಮಧುಮೇಹ ತಜ್ಞ ಎಲಿಯಟ್ ಜೋಸ್ಲಿನ್ 1940ರಲ್ಲಿ ಅರಿಜೋನಾದ ಸಮೀಕ್ಷೆಯನ್ನು ಪ್ರಕಟಿಸಿದಾಗ, ಮೂಲನಿವಾಸಿಗಳಲ್ಲಿ ಈ ಕಾಯಿಲೆ ಉಳಿದವರಿಗಿಂತ ಹೆಚ್ಚೇನೂ ಕಂಡಿರಲಿಲ್ಲ. 1965ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಪೀಮಾ ಜನರನ್ನು ಕ್ರಮವಾಗಿ ಪರೀಕ್ಷಿಸತೊಡಗಿದರು. ಆಗ 35 ವರ್ಷ ದಾಟಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಧುಮೇಹವಿತ್ತು. ಇಷ್ಟು ಕಡಿಮೆ ಅವಧಿಯಲ್ಲಿ ಒಂದು ಜನಾಂಗದ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ಅವರ ಬದುಕು.

ಬೆಟ್ಟದ ಮೇಲಿನ ಬಂಧುಗಳು

ಇದೇ ಜನಾಂಗದ ಇನ್ನೊಂದು ಗುಂಪು ಮೆಕ್ಸಿಕೋ ದೇಶದ ಸಿಯೆರಾ ಮಾದ್ರೆ ಬೆಟ್ಟಗಳಲ್ಲಿದೆ. ಅಲ್ಲಿನ ಮಾಯ್ಕೋಬಾ ಎಂಬ ಊರಿನವರು ಹಳೆಯ ರೀತಿಯಲ್ಲೇ ಬೇಸಾಯ ಮಾಡಿಕೊಂಡಿದ್ದರು. ಕಾಳು, ಜೋಳದ ರೊಟ್ಟಿ, ಆಲೂಗಡ್ಡೆ ಅವರ ನಿತ್ಯದ ಊಟ. ಹೊಲದ ಕೆಲಸ, ಮರದ ಕೆಲಸ, ಬೆಟ್ಟ ಹತ್ತಿ ಇಳಿಯುವುದು ದಿನನಿತ್ಯದ್ದು.

ವಿಜ್ಞಾನಿಗಳು ಎರಡೂ ಗುಂಪುಗಳನ್ನು ಹೋಲಿಸಿ ನೋಡಿದರು. 1994ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಮೆಕ್ಸಿಕೋದ ಪೀಮಾ ಜನರ ಸರಾಸರಿ ತೂಕ ಅರಿಜೋನಾದ ಬಂಧುಗಳಿಗಿಂತ 26 ಕಿಲೋ ಕಡಿಮೆ ಇತ್ತು. 2006ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ ಅರಿಜೋನಾದವರಲ್ಲಿ ಶೇ. 38 ಮಂದಿಗೆ ಮಧುಮೇಹವಿದ್ದರೆ ಮೆಕ್ಸಿಕೋದವರಲ್ಲಿ ಇದ್ದದ್ದು ಶೇ. 6.9 ಮಂದಿಗೆ ಮಾತ್ರ. ಮುಂದೆ ಮಾಯ್ಕೋಬಾಕ್ಕೂ ಹೊಸ ಸೌಕರ್ಯಗಳು ಬಂದವು. 2010ರಲ್ಲಿ ಮತ್ತೆ ನೋಡಿದಾಗ ಅಲ್ಲಿಯೂ ಬೊಜ್ಜು ಹೆಚ್ಚಿತ್ತು.

ಹಳೆಯ ಊಟಕ್ಕೆ ಮರಳಿದರೆ?

ಕಾಯಿಲೆ ಬಂದ ಮೇಲೂ ಊಟ, ಬದುಕಿನ ಬದಲಾವಣೆಯಿಂದ ಉಪಯೋಗವುಂಟೆ? ಇದನ್ನು ತಿಳಿಯಲು 1982ರಲ್ಲಿ ಕೆರಿನ್ ಓಡೀ ಎಂಬ ವಿಜ್ಞಾನಿ ಆಸ್ಟ್ರೇಲಿಯಾದಲ್ಲಿ ಒಂದು ಪ್ರಯೋಗ ಮಾಡಿದರು. ಮಧುಮೇಹವಿದ್ದ 10 ಮಂದಿ ಮೂಲನಿವಾಸಿಗಳು 7 ವಾರಗಳ ಕಾಲ ತಮ್ಮ ಪೂರ್ವಿಕರ ಕಾಡಿನಲ್ಲಿ ಇದ್ದರು. ಬೇಟೆಯ ಮಾಂಸ, ಮೀನು, ಕಾಡುಗೆಣಸು, ಜೇನು ಹೀಗೆ ತಾವೇ ಹುಡುಕಿ ತಂದದ್ದನ್ನೇ ತಿಂದರು. ಸರಾಸರಿ 8 ಕಿಲೋ ತೂಕ ಇಳಿಯಿತು. ಖಾಲಿ ಹೊಟ್ಟೆಯ ಸಕ್ಕರೆ ನಮ್ಮ ಪ್ರಯೋಗಾಲಯಗಳ ಲೆಕ್ಕದಲ್ಲಿ ಸುಮಾರು 209ರಿಂದ 119ಕ್ಕೆ ಬಂತು. ಗುಂಪು ಚಿಕ್ಕದು, ಅವಧಿಯೂ ಚಿಕ್ಕದು. ತಿಂದದ್ದು ಕಡಿಮೆ, ನಡೆದದ್ದು ಹೆಚ್ಚು ಎಂಬುದೂ ಇದರಲ್ಲಿ ಸೇರಿದೆ. ಆದರೂ ದೇಹ ಎಷ್ಟು ಬೇಗ ಸ್ಪಂದಿಸಬಲ್ಲದು ಎಂಬುದನ್ನು ಇದು ತೋರಿಸಿತು.

ಕಾರಣವೇನು?

ಇಡೀ ಕಾಳು, ಸಿಪ್ಪೆಯುಳ್ಳ ಧಾನ್ಯ, ಗೆಡ್ಡೆಗಳಲ್ಲಿ ನಾರಿನಂಶ ಹೆಚ್ಚು. ಅದರಲ್ಲಿ ಕೆಲವು ಬಗೆಯ ನಾರು ಹೊಟ್ಟೆಯಲ್ಲಿ ಅಂಟಿನಂತಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವಂತೆ ಮಾಡುತ್ತದೆ. ಹೊಟ್ಟೆಯೂ ಬೇಗ ತುಂಬುತ್ತದೆ. ಮೈದಾದಲ್ಲಿ ತವುಡು ಇಲ್ಲ, ನಾರೂ ತೀರ ಕಡಿಮೆ. ತಿಂದೊಡನೆ ಸಕ್ಕರೆ ಏರುತ್ತದೆ, ಅದನ್ನು ಇಳಿಸಲು ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ಜೊತೆಗೆ ಹೊಟ್ಟೆಯ ಸುತ್ತ ಕೊಬ್ಬು ಸೇರಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದಾಗ ಗ್ರಂಥಿ ಸೋಲುತ್ತದೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದಲ್ಲ. ಜಪಾನಿನ ಉತ್ತರ ಭಾಗದ ಸಾಂಪ್ರದಾಯಿಕ ಊಟದಲ್ಲಿ ಉಪ್ಪು ವಿಪರೀತವಿತ್ತು. ಅಲ್ಲಿ ರಕ್ತದೊತ್ತಡ ಮತ್ತು ಪಾರ್ಶ್ವವಾಯುವಿನ ಹಾವಳಿಯೂ ಹೆಚ್ಚಿತ್ತು. ನಮ್ಮ ಒಣಮೀನು, ಉಪ್ಪಿನಕಾಯಿ, ಹಪ್ಪಳಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು.

ನಮ್ಮ ಅಡುಗೆಮನೆಗೆ ಪಾಠ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ನಮ್ಮವರಿಗೆ ತೂಕ ಹೆಚ್ಚಿರದಿದ್ದರೂ ಈ ಕಾಯಿಲೆ ಬರುವುದುಂಟು. ಆದ್ದರಿಂದ ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ನೋಡಬೇಕು. ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರವಾಗಬೇಕು.

ಪೀಮಾ ಜನರ ತೆಪರಿ ಕಾಳು ನಮಗೆ ಬೇಕಿಲ್ಲ. ಹುರುಳಿ, ಹೆಸರು, ಅಲಸಂದೆ, ಕಡಲೆ ನಮ್ಮಲ್ಲೇ ಇವೆ.

• ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು ಇರಲಿ. ಕಾಲು ಭಾಗ ಕಾಳು, ಮೀನು ಅಥವಾ ಮಾಂಸ. ಉಳಿದ ಕಾಲು ಭಾಗ ಮಾತ್ರ ಅನ್ನ ಅಥವಾ ರೊಟ್ಟಿ.

• ಬಿಳಿ ಅಕ್ಕಿಗಿಂತ ತವುಡು ಉಳಿದ ಕೆಂಪು ಕುಚ್ಚಲಕ್ಕಿ ಮೇಲು. ರಾಗಿ ಒಳ್ಳೆಯದು, ಆದರೆ ಮುದ್ದೆ ದೊಡ್ಡದಾದರೆ ಅದೂ ಸಕ್ಕರೆ ಏರಿಸುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಇನ್ನೂ ಬೇಗ ಏರಿಸುತ್ತದೆ.

• ಮೈದಾ ಪರೋಟ, ಸಮೋಸ, ಬೇಕರಿ ತಿಂಡಿ, ಸಿಹಿ ಶರಬತ್ತು ನಿತ್ಯದ ಆಹಾರವಾಗದಿರಲಿ. ಬಿರಿಯಾನಿ ಹಬ್ಬಕ್ಕೆ, ಮದುವೆಗೆ ಇರಲಿ. ಪ್ರತಿ ವಾರದ ಅಭ್ಯಾಸವಾಗಬೇಕಿಲ್ಲ.

• ಅಜ್ಜ ಹೊಲದಲ್ಲಿ ದುಡಿದು ಉಂಡಷ್ಟು ಅನ್ನವನ್ನು ಮೊಮ್ಮಗ ಅಂಗಡಿಯಲ್ಲಿ ಕುಳಿತು ಉಂಡರೆ ಲೆಕ್ಕ ತಪ್ಪುತ್ತದೆ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಬೇಕು.

• ಮನೆತನದಲ್ಲಿ ಕಾಯಿಲೆ ಇದ್ದರೆ 30 ವರ್ಷದಿಂದಲೇ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಊಟ ಬದಲಾಯಿಸಿದೆವೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಊಟವನ್ನು ಏಕಾಏಕಿ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊದಲು ವೈದ್ಯರಿಗೆ ತಿಳಿಸಿ.

ಅರಿಜೋನಾದ ಪೀಮಾ ಜನರಿಂದ ನದಿಯನ್ನು ಬೇರೆಯವರು ಕಸಿದುಕೊಂಡರು, ಊಟವನ್ನು ಆರಿಸಿಕೊಳ್ಳುವ ಅವಕಾಶ ಅವರಿಗೆ ಇರಲಿಲ್ಲ. ನಮ್ಮಲ್ಲಿ ಬಹುತೇಕರಿಗೆ ಆ ಅವಕಾಶ ಇನ್ನೂ ಇದೆ. ತಂದೆತಾಯಿಯಿಂದ ಬಂದ ವಂಶವಾಹಿಯನ್ನು ಬದಲಾಯಿಸಲು ನಮ್ಮಿಂದಾಗದು. ಆದರೆ ಮಕ್ಕಳ ತಟ್ಟೆಗೆ ಏನು ಬಡಿಸಬೇಕು ಎಂಬುದು ನಮ್ಮ ಕೈಯಲ್ಲಿದೆ.